ತಮ್ಮನ ಕೈ ತಡೆದ ದೊಡ್ಡಮ್ಮ

ಮೊನ್ನೆ ಚನ್ನರಾಯಪಟ್ಟಣದಲ್ಲಿ ಗ್ರಂಧಿಗೆ ಅಂಗಡಿಯವನು ವಿಭೂತಿ ಗಟ್ಟಿಯನ್ನು ಕಾಗದದಲ್ಲಿ ಸುತ್ತುತ್ತಿದ್ದ. ಆ ಒಣ ವಾಸನೆ ಮೂಗಿಗೆ ಬಡಿದದ್ದೇ, ಹೊಳೆನರಸೀಪುರದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಕಣ್ಮುಂದೆ ಬಂದರು...

ಅವರ ಯಜಮಾನರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದೇವರಿದ್ದಾನೆಯೇ ಎಂದು ಯಾರಾದರೂ ಕೆಣಕಿದರೆ, ಇದ್ದಾನೆಂದು ತೋರಿಸಲು ನಿಮಗಾಗದು, ಇಲ್ಲವೆಂದು ತೋರಿಸಲು ನನಗಾಗದು, ನನಗೆ ನಂಬಿಕೆಯಿಲ್ಲ ಅಷ್ಟೆ ಎಂದು ಮಾತು ಮುಗಿಸುತ್ತಿದ್ದರು. ದೊಡ್ಡಮ್ಮನದು ಲಿಂಗಪೂಜೆ ಆಗದೆ ನೀರೂ ಮುಟ್ಟದ ನೇಮ. ಆ ಪೂಜೆಗೆ ದಿನಾ ಕಣಗಿಲೆ ಕಿತ್ತು ತರುತ್ತಿದ್ದವರು ಮೇಷ್ಟ್ರೇ.

ರಿಟೈರಾದ ಮೇಲೊಂದು ಬೆಳಗ್ಗೆ ಮೇಷ್ಟ್ರು ಎದೆನೋವೆಂದು ಕುಳಿತವರು ಏಳಲಿಲ್ಲ. ತಾನು ಸತ್ತರೆ ಯಾವ ಕ್ರಿಯೆಯೂ ಬೇಡವೆಂದು ಹೆಂಡತಿಗೆ ಮೊದಲೇ ಹೇಳಿ ಮಾತು ತೆಗೆದುಕೊಂಡಿದ್ದರು. ಆದರೆ ಮಧ್ಯಾಹ್ನದ ಹೊತ್ತಿಗೆ ದಂಡಿಗನಹಳ್ಳಿಯಿಂದ ದೊಡ್ಡಮ್ಮನ ತಮ್ಮ, ಕ್ರಿಯೆ ಮಾಡಿಸುವ ಅಯ್ನೋರನ್ನು ಕರೆದುಕೊಂಡೇ ಬಂದ. ಅಂಗಳದಲ್ಲಿ ಜನ ತುಂಬಿತ್ತು. ಅವನು ಬಗ್ಗಿ ಮೇಷ್ಟ್ರ ಹಣೆಗೆ ವಿಭೂತಿ ಹಚ್ಚಲು ಹೋದಾಗ ದೊಡ್ಡಮ್ಮ ಅವನ ಮುಂಗೈ ಹಿಡಿದುಕೊಂಡರು.

“ಬಿಡಕ್ಕ. ಭಾವಂಗೆ ಮುಕ್ತಿ ಬ್ಯಾಡ್ವಾ? ನೀನೂ ನಂಬಕಿಲ್ವಾ?” ಎಂದ ತಮ್ಮ.

“ನಾ ನಂಬ್ತೀನಿ ಕಣಪ್ಪ. ಅವ್ರು ನಂಬ್ನಿಲ್ಲ. ನನ್ ಪೂಜೆಗೆ ಒಂದಿನಾನೂ ಅಡ್ಡ ಬರ್ನಿಲ್ಲ, ಊವ ತಂದ್ಕೊಟ್ರು. ಈಗ ಅವ್ರಿಗೆ ಬಾಯಿ ಇಲ್ದಿರೋವಾಗ ನಮ್ದನ್ನ ಅವ್ರ ಮ್ಯಾಲೆ ಏರ್ಬ್ಯಾಡ.”

ಹಾಗಾದರೆ ಇನ್ನು ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದ ಅವನು. ದೊಡ್ಡಮ್ಮನ ಕೈ ಸಡಿಲಲಿಲ್ಲ. ಅವನೇ ಕೊಸರಿಕೊಂಡು ಅಯ್ನೋರ ಜತೆ ಹೊರಟ. ನೆಂಟರಲ್ಲಿ ಅರ್ಧಕ್ಕರ್ಧ ಜನ ಅವನ ಹಿಂದೆ ಹೋದರು. ಮೇಷ್ಟ್ರನ್ನು ಮಂತ್ರವಿಲ್ಲದೆ ಮಣ್ಣು ಮಾಡಿದವರು ಅವರ ಹಳೇ ವಿದ್ಯಾರ್ಥಿಗಳು ಮತ್ತು ನಮ್ಮಪ್ಪ.

ಸಂಜೆ ನಾನು ಕಾಫಿ ಒಯ್ದಾಗ ದೊಡ್ಡಮ್ಮ ದೇವರ ಮುಂದೆ ಕೂತಿದ್ದರು. “ಅವ್ರಿಗೆ ಕೊಟ್ಟ ಮಾತ್ ಉಳಿಸ್ಕಂಡೆ. ಆದ್ರೆ ನಾನ್ ನಂಬಿರೋದೇ ನಿಜ ಆಗಿದ್ರೆ, ಅವ್ರು ಅಲ್ಲಿ ಒಬ್ರೇ ಏನ್ ಮಾಡ್ತಾರೋ ಮಗ...” ಅಂದರು.

ತಮ್ಮ ಮತ್ತೆ ಬರಲಿಲ್ಲ. ದೊಡ್ಡಮ್ಮ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು, ಅವನು ಎತ್ತುತ್ತಿರಲಿಲ್ಲ. ಹೋದ ವರ್ಷ ಅವರು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಬಂದ. ಅಕ್ಕ ಬಯಸಿದ್ದ ಕ್ರಿಯೆಗಳನ್ನೆಲ್ಲ ಒಂದೂ ಬಿಡದೆ ಮುಂದೆ ನಿಂತು ಮಾಡಿಸಿದ. ಆಮೇಲೆ ಗೋಡೆಗೊರಗಿ, ಅಕ್ಕ ನನ್ನ ಸುದ್ದಿ ಎತ್ತುತ್ತಿದ್ದಳೇ ಎಂದು ನನ್ನನ್ನು ಕೇಳಿದ. ಎತ್ತುತ್ತಿದ್ದರು ಎಂದೆ.

ಈಗ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಊರಿಗೆ ಹೋದಾಗ ಕಾಂಪೌಂಡಿನಾಚೆಯಿಂದ ಯಾರೂ ನನ್ನನ್ನು ಕೂಗುವುದಿಲ್ಲ... ಕೂಗಿದಂತಾಗಿ ತಿರುಗಿ ನೋಡುವುದು ಮಾತ್ರ ಇನ್ನೂ ನಿಂತಿಲ್ಲ.