ಈರುಳ್ಳಿ ಚೀಲದ ಪಕ್ಕದಲ್ಲಿ ನಾನು

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನನ್ನು ಈರುಳ್ಳಿ ಚೀಲದ ಜೊತೆ ತೂಗಲಾಯಿತು.

ರಸ್ತೆಯ ಗುಂಡಿಗಳಲ್ಲಿ ನಮ್ಮ ಕಾರು ಕಿರುಗುಡುತ್ತಿತ್ತು. ಪಕ್ಕದ ಮನೆಯ ಬಸವರಾಜ ಬೀದರಿನವರು, ಇಲ್ಲೇ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ತಂತ್ರಜ್ಞರು. ನಮ್ಮ ಅಂಗಳದಲ್ಲೇ ಮುಂದಿನ ಸಸ್ಪೆನ್ಶನ್ನಿನ ಸವೆದ ರಬ್ಬರ್ ಬುಷ್‌ಗಳನ್ನು ಬದಲಿಸಿ, ಬೋಲ್ಟ್ ಬಿಗಿಯುವ ಮೊದಲು ಕಾರನ್ನು ಜಾಕಿನಿಂದ ಇಳಿಸಿದರು.

“ಗಾಲಿ ಜೋತಾಡೋವಾಗ ಬೋಲ್ಟ್ ಬಿಗಿದ್ರ ಬುಷ್ ತಿರುಚಿ ಹರೀತದರಿ. ಭಾರ ಹಾಕೇ ಬಿಗೀಬೇಕು, ಎರಡೂ ಕಡಿ ಸಮ. ನಿಮ್ಮ ತೂಕ ಎಷ್ಟ್ರಿ?”

ಹೆಂಡತಿ ಬಾಗಿಲಲ್ಲೇ ಇದ್ದಳು. ಎಪ್ಪತ್ತೈದು ಕಿಲೋ ದಾಟಿದ್ದರೆ ನಾಳೆ ಗಂಗಾಪುರದ ಮದುವೆಯಲ್ಲಿ ಜಿಲೇಬಿ ಇಲ್ಲ ಎಂಬುದು ಅವಳ ಷರತ್ತು.

“ಎಪ್ಪತ್ತೆರಡು,” ಎಂದೆ. ಸುಳ್ಳಲ್ಲ, ಕೊನೆಯ ಸಲ ತೂಕ ನೋಡಿಕೊಂಡಾಗಿನ ನಿಜ.

ನಾನು ಚಾಲಕನ ಸೀಟಿನಲ್ಲಿ ಕೂತೆ. ಅಷ್ಟೇ ಭಾರ ಸರಿದೂಗಿಸಲು ಪಕ್ಕದ ಸೀಟಿಗೆ ಲಾಸಲಗಾಂವ್ ಮಂಡಿಯಿಂದ ತಂದ ಐವತ್ತು ಕಿಲೋ ಈರುಳ್ಳಿ ಚೀಲ, ಜೊತೆಗೆ ಬಸವರಾಜರ ಇಪ್ಪತ್ತೆರಡು ಕಿಲೋದ ಸಲಕರಣೆ ಪೆಟ್ಟಿಗೆ ಬಂತು. ಅವರು ಎರಡೂ ಕಡೆ ಗಾಲಿಯಿಂದ ಮಡ್‌ಗಾರ್ಡಿನವರೆಗೆ ಅಳತೆ ಟೇಪು ಹಿಡಿದರು.

“ನಿಮ್ಮ ಕಡಿ ಕೆಳಗದರಿ.”

ಹೆಂಡತಿ ಐದು ಕಿಲೋ ಜೋಳದ ಹಿಟ್ಟು ತಂದಿಟ್ಟಳು. ಸಾಲಲಿಲ್ಲ. ಐದು ಕಿಲೋ ತೊಗರಿಬೇಳೆ ತಂದಳು. ಅದೂ ಸಾಲದೆ ಎರಡು ಕಿಲೋ ಬೆಲ್ಲ ಇಟ್ಟ ಮೇಲೆ ಎರಡೂ ಕಡೆ ಸಮವಾಯಿತು.

“ಸ್ಪ್ರಿಂಗ್ ಹಳೇದಾಗಿರಬೇಕು,” ಎಂದೆ.

“ಹ್ವಾದ ತಿಂಗಳ ನಾನೇ ಎರಡೂ ಹೊಸಾವು ಹಾಕೀನ್ರಿ. ಸ್ಪ್ರಿಂಗ್ ಸುಳ್ಳ ಹೇಳಂಗಿಲ್ಲ, ವೈನಿ,” ಎಂದು ಬಸವರಾಜ ನನ್ನ ಹೆಂಡತಿಯತ್ತ ತಿರುಗಿದರು.

“ಎಂಬತ್ನಾಕು,” ಹೆಂಡತಿ ಕೂಡಿಸಿ ಹೇಳಿದಳು. “ಅಣ್ಣಾರ, ಆ ಟೇಪ್ ನಮ್ಮನ್ಯಾಗ ಬಿಟ್ಟ ಹೋಗ್ರಿ.”

ಬೋಲ್ಟ್ ಬಿಗಿದಾಯಿತು, ಕಾರಿನ ಸದ್ದು ನಿಂತಿದೆ. ನಾಳೆ ಮದುವೆಗೆ ಬರುವವರಲ್ಲಿ ಒಂದೇ ಕೋರಿಕೆ: ಜಿಲೇಬಿಗೆ ಒತ್ತಾಯ ಮಾಡುವುದಿದ್ದರೆ ಅವಳ ಕಣ್ಣೆದುರೇ ಮಾಡಿ. ಆಗ ದಾಕ್ಷಿಣ್ಯಕ್ಕೆ ತಿಂದೆ ಎಂದು ಅವಳಿಗೆ ಹೇಳಬಹುದು.