ಅವ್ವನಿಗೆ ಸಿಕ್ಕ ಸ್ಕಾಲರ್‌ಶಿಪ್ಪು

ಪಿಯುಸಿಯಲ್ಲಿ ನನಗೆ ಶೇಕಡಾ ತೊಂಬತ್ತೊಂದು ಬಂದಾಗ ಕೊಟ್ಟೂರಿನ ನಮ್ಮ ಓಣಿಯವರೆಲ್ಲ, 'ಇಕಿಗೆ ಸ್ಕಾಲರ್‌ಶಿಪ್ಪು ತಾವಾಗೇ ಹುಡುಕ್ಕೊಂಡು ಬರ್ತಾವ' ಎಂದರು. ಒಂದೂ ಬರಲಿಲ್ಲವಾದ್ದರಿಂದ ನಾವೇ ಹುಡುಕಿಕೊಂಡು ಹೊರಟೆವು. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದ, ಅವನಿಗೆ ಬಿಡುವಿರಲಿಲ್ಲ. ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಅವ್ವ ಮಷೀನು ಮುಚ್ಚಿಟ್ಟು, ಕಾಗದಪತ್ರದ ಫೈಲು ಹಿಡಿದು ನನ್ನ ಜೊತೆ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಬರುತ್ತಿದ್ದಳು.

ಆರು ಅರ್ಜಿ ಹಾಕಿದೆ. ಒಂದಕ್ಕೆ ನಾನು ವಿಜ್ಞಾನ ಓದಿರಬೇಕಿತ್ತು. ಇನ್ನೊಂದರ ವೆಬ್‌ಸೈಟಿಗೆ ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ವಿಜಯನಗರಕ್ಕೆ ಸೇರಿದ ಸುದ್ದಿಯೇ ಮುಟ್ಟಿರಲಿಲ್ಲ. ಎಲ್ಲದರಲ್ಲೂ 'ನೀವು ಏಕೆ ಓದಬೇಕು?' ಎಂಬ ಪ್ರಶ್ನೆ. ನಾನು ದೇಶಸೇವೆಯಿಂದ ಶುರುಮಾಡಿ ಮಹಿಳೆಯರ ಉದ್ಧಾರದವರೆಗೆ ಪುಟ ತುಂಬಿಸುತ್ತಿದ್ದೆ.

ಒಂದು ದಿನ ಸೆಂಟರಿನಲ್ಲಿ ಅರ್ಜಿ ತುಂಬಿಕೊಡುವ ಅಕ್ಕ ಅವ್ವನನ್ನೇ ಕೇಳಿದಳು: 'ನೀವು ಎಲ್ಲಿತನಕ ಓದೀರಿ?'

'ಪಿಯುಸಿ ಪಾಸಾಗೀನ್ರಿ. ಆಮ್ಯಾಲೆ ಮದುವಿ ಆತು.'

'ಮದುವಿ ಆಗಿ ಓದು ಬಿಟ್ಟೋರಿಗೆ ಅಂತ ಒಂದು ಟ್ರಸ್ಟಿನೋರು ಕೊಡ್ತಾರ. ಈ ಕಡಿಯಿಂದ ಯಾರೂ ಹಾಕಿಲ್ಲ. ಹಾಕ್ಲೇನ್ರಿ?'

ಅವ್ವ ನಕ್ಕಳು. 'ಹಾಕ್ರಿ. ಹೆಂಗೂ ಬಂದೀವಿ.'

ಏಕೆ ಓದಬೇಕು ಎಂಬ ಪ್ರಶ್ನೆಗೆ ಅವ್ವ ಎರಡೇ ಸಾಲು ಬರೆಸಿದಳು: 'ನನಗೆ ಭೂಗೋಳ ಅಂದರೆ ಇಷ್ಟ. ಆಗ ಓದು ಬಿಡಿಸಿದರು.' ನಾನು ನಾಚಿಕೆಯಿಂದ ಮುಖ ಬೇರೆ ಕಡೆ ತಿರುಗಿಸಿದೆ.

ನನ್ನ ಆರೂ ಅರ್ಜಿ ತಿರಸ್ಕೃತವಾದವು. ಅವ್ವನದು ಮಂಜೂರಾಯಿತು. ಮೂರು ವರ್ಷದ ಫೀ, ಮೇಲೆ ಪ್ರತಿ ತಿಂಗಳು ಖರ್ಚಿಗೆ ಹಣ. ಷರತ್ತೆಂದರೆ ದಿನಾ ಕಾಲೇಜಿಗೆ ಹೋಗಬೇಕು.

ಅಪ್ಪ ಮೊಬೈಲಿನಲ್ಲಿ ಬಂದ ಸಂದೇಶವನ್ನು ಎರಡು ಸಲ ಓದಿದ. 'ಇದೇನು, ಮಗಳಿಗೆ ಹಾಕು ಅಂದ್ರ ನೀನಾ ಹಾಕ್ಕೊಂಡು ಬಂದಿಯಲ್ಲ!'

'ನನಗ ಕೊಟ್ಟಾರ್ರಿ. ವಾಪಸ್ ಕಳಿಸ್ಲೇನು?'

ಅಪ್ಪ ಮೊಬೈಲು ಅವಳ ಕೈಗೇ ಕೊಟ್ಟ. ತಿಂಗಳು ತಿಂಗಳು ಬರುವ ಆ ಹಣದಲ್ಲಿ ನನ್ನ ಫೀ ಆಗುತ್ತದೆಂದು ಅವನಿಗೂ ಹೊಳೆದಿತ್ತು.

ಹೀಗೆ ಅವ್ವ, ನಾನು ಒಂದೇ ಬಿ.ಎ. ತರಗತಿಗೆ ಸೇರಿದೆವು. ಅವಳು ಮೊದಲ ಬೆಂಚಿನಲ್ಲಿ ಕೂತಳು. ನಾನು ಹುಡುಕಿ ಹುಡುಕಿ ಕೊನೆಯದು ಹಿಡಿದೆ. ಪಾಲಕರ ಸಭೆಯ ದಿನ ಭೂಗೋಳದ ಮೇಷ್ಟ್ರು ಬೇರೆ ದಾರಿಯಿಲ್ಲದೆ ಅವಳಿಗೇ ದೂರು ಹೇಳಿದರು: 'ನಿಮ್ಮ ಮಗಳು ಕ್ಲಾಸಿನ್ಯಾಗ ಭಾಳ ಮಾತಾಡ್ತಾಳ್ರಿ.'

'ಗೊತ್ತೈತ್ರಿ ಸರ್. ಇಕಿ ಗದ್ದಲಕ್ಕ ನನಗ ನಿಮ್ಮ ಪಾಠನ ಕೇಳ್ಸಂಗಿಲ್ಲ.'

ಒಂದು ವಾರ ನಾನು ಅವಳ ಜೊತೆ ಮಾತು ಬಿಟ್ಟೆ. ಪರೀಕ್ಷೆ ಹತ್ತಿರ ಬಂತು, ನಕ್ಷೆಯ ಎತ್ತರದ ಗೆರೆಗಳು ನನಗೆ ತಲೆಗೆ ಹತ್ತಲಿಲ್ಲ. ಅವ್ವ ಬ್ಲೌಸಿಗೆ ಹುಕ್ಕು ಹಚ್ಚುತ್ತಲೇ ಬಗ್ಗಿ ನೋಡಿ, 'ಗೆರಿ ಒತ್ತೊತ್ತಾಗಿ ಇದ್ರ ಕಡಿದಾದ ಗುಡ್ಡ, ದೂರ ದೂರ ಇದ್ರ ಬಯಲು. ಅಷ್ಟ' ಎಂದಳು. ಹಡಗಲಿ, ಹರಪನಹಳ್ಳಿ ಬಿಟ್ಟು ಆಚೆ ಊರು ಕಾಣದ ಹೆಂಗಸು ಮನೆಯ ಗೋಡೆಗೆ ಭೂಪಟ ಅಂಟಿಸಿದ್ದಳು.

ಮೂರು ವರ್ಷದ ಮೇಲೆ ಇಬ್ಬರ ಫಲಿತಾಂಶವೂ ಒಂದೇ ದಿನ ಬಂತು. ಅವಳು ಪ್ರಥಮ ದರ್ಜೆ, ನಾನು ದ್ವಿತೀಯ. ನಾನು ಬಿ.ಎಡ್. ಮಾಡಬೇಕೆಂದು ಮತ್ತೆ ಸೆಂಟರಿಗೆ ಹೋದೆ. 'ಕುಟುಂಬದ ಮೊದಲ ಪದವೀಧರರಿಗೆ' ಎಂಬ ಸ್ಕಾಲರ್‌ಶಿಪ್ಪೊಂದಿತ್ತು. ಇದಂತೂ ನನ್ನದೇ ಅಂದುಕೊಂಡೆ. ತಾಯಿಯ ವಿದ್ಯಾರ್ಹತೆ ಕೇಳಿದಲ್ಲಿ 'ಪದವಿ' ಎಂದು ಒತ್ತಿದ್ದೇ ತಡ, ಅರ್ಜಿ ಮುಂದಕ್ಕೆ ಹೋಗಲೇ ಇಲ್ಲ.

'ಅಕ್ಕಾ, ಇಬ್ಬರದೂ ಒಂದ ದಿನ ಆಗೈತಿ!'

'ಹೌದವಾ. ಆದ್ರ ಅದನ್ನ ಬರಿಯಾಕ ಇದರಾಗ ಜಾಗ ಇಲ್ಲ' ಎಂದಳು ಆಕೆ.

ಅವ್ವ ಕೇಳಿ ಮೊದಲು ನಕ್ಕಳು, ಆಮೇಲೆ ಪೆಚ್ಚಾದಳು. ಮುಂದಿನ ತಿಂಗಳು ಹಡಗಲಿಯ ಹುಡುಗಿಯರ ಹಾಸ್ಟೆಲ್ಲೊಂದಕ್ಕೆ ಪದವಿ ಆದ ವಾರ್ಡನ್ ಬೇಕಾಗಿ, ಅವಳಿಗೆ ಕೆಲಸ ಸಿಕ್ಕಿತು. ನನ್ನ ಬಿ.ಎಡ್. ಅವಳ ಸಂಬಳದಲ್ಲೇ ಮುಗಿಯಿತು.

ಈಗ ನಾನು ಹರಪನಹಳ್ಳಿಯ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತೇನೆ. ಅವ್ವ ಎಂ.ಎ.ಗೆ ಕಟ್ಟಿದ್ದಾಳೆ. ಫೀ ನನ್ನದು.