ಚೆನ್ಸಾ ಬಿಚ್ಚಿದ ಎಂಟು ಶಿಲುಬೆಗಳು

ಮಾಲ್ಟಾಕ್ಕೆ ಸೇರಿದ ಗೋಜೊ ದ್ವೀಪದ ನಮ್ಮ ಸನ್ನಾತ್ ಊರಿನಲ್ಲಿ ಬರೀ ಚೆನ್ಸಾ ಎಂದರೆ ಯಾವ ಚೆನ್ಸಾ ಎಂದು ಕೇಳುತ್ತಿದ್ದರು. ಆ ಹೆಸರಿನವರು ಓಣಿಗೆ ಮೂವರಿದ್ದರು. ಶಿಲುಬೆ ಚೆನ್ಸಾ ಎಂದರೆ ಮಾತ್ರ ಕುರಿ ಕಾಯುವವನೂ ಕೈ ಎತ್ತಿ ಮನೆ ತೋರಿಸುತ್ತಿದ್ದ.

ನಮ್ಮ ಹೆಂಗಸರು ಲೇಸು ಹೆಣೆಯುವುದು ಬೀದಿಬಾಗಿಲಲ್ಲಿ ಬಿಸಿಲಿಗೆ ಕೂತು. ಹುಲ್ಲು ತುಂಬಿದ ಉದ್ದ ದಿಂಬನ್ನು ಗೋಡೆಗೆ ಒರಗಿಸಿಕೊಂಡು, ಗುಂಡುಸೂಜಿ ಚುಚ್ಚಿ, ನೂಲು ಸುತ್ತಿದ ಕಡ್ಡಿಗಳನ್ನು ಎಡಕ್ಕೂ ಬಲಕ್ಕೂ ಹಾರಿಸುತ್ತ ಊರವರ ಗುಟ್ಟನ್ನೆಲ್ಲ ರಟ್ಟು ಮಾಡುತ್ತಾರೆ. ಉದ್ದನೆಯ ಪಟ್ಟಿಯನ್ನು ಯಾರು ಬೇಕಾದರೂ ಹೆಣೆದಾರು. ಕಷ್ಟವಿರುವುದು ಪಟ್ಟಿಗಳ ನಡುವೆ ಜೋಡಿಸುವ ಚೌಕದಲ್ಲಿ, ಅದರೊಳಗಿನ ಎಂಟು ಮೊನೆಯ ಶಿಲುಬೆಯಲ್ಲಿ. ನಾಲ್ಕು ಬಾಣದ ತಲೆಗಳು ತುದಿಗೆ ತುದಿ ತಾಗಿ ಒಂದೇ ಸೂಜಿಯ ಸುತ್ತ ಸೇರಬೇಕು. ನೂಲನ್ನು ಕೂದಲೆಳೆಯಷ್ಟು ಜಾಸ್ತಿ ಜಗ್ಗಿದರೂ ಶಿಲುಬೆ ಕುಡಿದವನ ಹಾಗೆ ವಾಲುತ್ತದೆ. ಸಡಿಲ ಬಿಟ್ಟರೆ ನಡುವೆ ತೂತು ಬೀಳುತ್ತದೆ. ಚೆನ್ಸಾಳ ಶಿಲುಬೆ ವಾಲುತ್ತಲೂ ಇರಲಿಲ್ಲ, ತೂತೂ ಇರುತ್ತಿರಲಿಲ್ಲ. ಹಾಗಾಗಿ ಮದುಮಗಳ ಮುಸುಕಾಗಲಿ, ಕೂಸಿನ ದೀಕ್ಷಾಸ್ನಾನದ ಅಂಗಿಯಾಗಲಿ, ಪಟ್ಟಿ ಹೆಣೆದವರು ಶಿಲುಬೆಗೆಂದು ಅವಳ ಹೊಸಿಲಿಗೇ ಬರುತ್ತಿದ್ದರು.

ಹಾಗೆ ನೋಡಿದರೆ ಈ ಶಿಲುಬೆ ನಮ್ಮದಲ್ಲ. ಜೆರುಸಲೇಮಿನಿಂದ ಹೊರಬಿದ್ದು, ಆಮೇಲೆ ರೋಡ್ಸ್ ದ್ವೀಪದಿಂದಲೂ ಹೊರಬಿದ್ದು, ಕೊನೆಗೆ ಮಾಲ್ಟಾದವರ ಹೆಗಲೇರಿ ಕೂತ ಕ್ರೈಸ್ತ ಯೋಧ ಸರದಾರರದು. ಎದೆಯ ಮೇಲೆ, ಹಡಗಿನ ಬಾವುಟದ ಮೇಲೆ, ಕೋಟೆಯ ಬಾಗಿಲಿನ ಮೇಲೆ, ಜಾಗ ಕಂಡಲ್ಲೆಲ್ಲ ಅದನ್ನು ಒತ್ತಿದರು. ಇನ್ನೂರ ಅರವತ್ತು ಚಿಲ್ಲರೆ ವರ್ಷ ಮೆರೆದು, ಫ್ರೆಂಚರ ಹಡಗು ಬಂದಾಗ ಗಂಟುಮೂಟೆ ಕಟ್ಟಿದರು. ಶಿಲುಬೆ ಉಳಿಯಿತು. ಅಜ್ಜಿಯಂದಿರ ಕಾಲದಲ್ಲಿ ಲೇಸಿನ ವ್ಯಾಪಾರ ಹತ್ತಿಕೊಂಡಾಗ, ಇದು ನಮ್ಮ ಕಡೆಯ ಮಾಲು ಎಂಬ ಗುರುತಿಗೆ ಅದನ್ನೇ ನೂಲಿನಲ್ಲಿ ತಂದರು. ಕತ್ತಿ ಹಿಡಿದವರ ಗತ್ತೆಲ್ಲ ಬಡ ಹೆಂಗಸರ ಮಡಿಲಿಗೆ ಬಂದು ಬಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ದೊರೆ ದ್ವೀಪದವರ ಧೈರ್ಯಕ್ಕೆ ಮೆಚ್ಚಿ ಪದಕವಾಗಿ ಇನ್ನೊಂದು ಶಿಲುಬೆ ಕೊಟ್ಟ, ಅದು ಬಾವುಟದ ಮೂಲೆಗೆ ಏರಿತು. ಚೆನ್ಸಾ ಅದನ್ನು ನೋಡಿ ಮೂಗು ಮುರಿದಿದ್ದಳು.

"ನಾಲ್ಕು ನೆಟ್ಟನೆ ಗೆರೆ. ಇಷ್ಟೇ ಆದ್ರೆ ನಮ್ ಜೊರ್ಜಾನೂ ಹೆಣೀತಾಳೆ ಬಿಡ್ರೇ."

ಬೀದಿಗೆ ಬೀದಿಯೇ ನಕ್ಕಿತು. ಎದುರು ಬಾಗಿಲಲ್ಲಿ ಕೂತಿದ್ದ ಜೊರ್ಜಾಳೂ ನಕ್ಕಳು. ಜೊರ್ಜಾ ಚೆನ್ಸಾಳ ಒಡಹುಟ್ಟಿದ ತಂಗಿ. ಗಂಡ ಮೀನುದೋಣಿಯಲ್ಲಿ ಹೋದವನು ಮರಳಲಿಲ್ಲ. ಇದ್ದವನು ಒಬ್ಬನೇ ಮಗ, ವಿತೋರ್. ಅವಳ ಕೈಗೆ ಬೀನ್ಸಿನ ಸಾರು ಒಲಿದಿತ್ತು, ಕುರಿಹಾಲಿನ ಚೀಸು ಒಲಿದಿತ್ತು, ಶಿಲುಬೆ ಮಾತ್ರ ಒಲಿದಿರಲಿಲ್ಲ. ಚೆನ್ಸಾ ಮದುವೆಯಾಗಿರಲಿಲ್ಲ. ತಂಗಿಯನ್ನು ಹಾಸ್ಯ ಮಾಡುವುದು ಅವಳಿಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ವಿತೋರ್ ಇಗರ್ಜಿಯ ಗುರುವಾಗುತ್ತಾನೆಂದು ನಿಶ್ಚಯವಾದಾಗ ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಅವರ ಮನೆತನದಲ್ಲಿ ಒಂದು ರೂಢಿ. ಹೊಸ ಗುರು ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ತನ್ನ ಮೊದಲ ಬಲಿಪೂಜೆಗೆ ತೊಡುವ ಬಿಳಿ ನಿಲುವಂಗಿಯ ಅಂಚನ್ನು ತಾಯಿಯೇ ಹೆಣೆಯಬೇಕು. ಪಟ್ಟಿಗಳನ್ನು ತಾನು ಹೆಣೆದು ಶಿಲುಬೆಯನ್ನು ಅಕ್ಕನಿಗೆ ಬಿಡಬಹುದಿತ್ತು. ಜೊರ್ಜಾ ಬಿಡಲಿಲ್ಲ. ಮೂರು ವರ್ಷ ಕೂತು ಪಟ್ಟಿಯನ್ನೂ ಎಂಟು ಶಿಲುಬೆಗಳನ್ನೂ ತಾನೇ ಹೆಣೆದು, ಅಂಗಿಗೆ ಹೊಲಿದಳು. ಪೂಜೆಗೆ ಎರಡು ತಿಂಗಳಿರುವಾಗ ಅಕ್ಕನ ಕೈಗೆ ಕೊಟ್ಟು, ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಕೊಡು ಎಂದಳು. ಇಸ್ತ್ರಿಯಲ್ಲೂ ಚೆನ್ಸಾಳದೇ ಎತ್ತಿದ ಕೈ.

ಚೆನ್ಸಾ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಅವಳಿಗೆ ಕಸಿವಿಸಿಯಾಯಿತು. ಪೂಜೆಯ ದಿನ ಇಡೀ ಊರು ಹೊಸ ಗುರುವಿನ ಮುಂದೆ ಮೊಣಕಾಲೂರಿ ಕೈಗೆ ಮುತ್ತಿಡುತ್ತದೆ. ಮೊಣಕಾಲೂರಿದವರ ಕಣ್ಣಿಗೆ ಮೊದಲು ಬೀಳುವುದೇ ಅಂಗಿಯ ಅಂಚು. ಶಿಲುಬೆ ಚೆನ್ಸಾಳ ಮನೆಯವರು ಇಂಥದ್ದನ್ನು ತೊಟ್ಟರೇ ಎಂದು ಜನ ಆಡಿಕೊಳ್ಳುವುದಿಲ್ಲವೇ? ತಂಗಿಯ ಮಾನ ಉಳಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಉಳಿಸಿಕೊಂಡದ್ದು ತನ್ನ ಹೆಸರನ್ನು. ಇದು ಅವಳಿಗೇ ಆಮೇಲೆ ಗೊತ್ತಾಯಿತು, ಆಗ ಗೊತ್ತಾಗಿ ಏನು ಬಂತು.

ಮರುದಿನದಿಂದ ಅವಳ ಬೀದಿಬಾಗಿಲು ಹಗಲಲ್ಲೂ ಮುಚ್ಚಿತು. ಪಕ್ಕದ ತೊನೀನಾ ಬಂದು ಮೈಗೆ ಹುಷಾರಿಲ್ಲವೇ ಎಂದು ಕೇಳಿದರೆ ಒಳಗಿನಿಂದಲೇ ಸೊಂಟನೋವು ಎಂದಳು. ಆರು ವಾರದಲ್ಲಿ ಎಂಟು ಹೊಸ ಚೌಕ ಹೆಣೆದಳು. ತಂಗಿಯ ಚೌಕಗಳನ್ನು ಕತ್ತರಿಯಿಂದ ಬಿಚ್ಚಿ, ತನ್ನವನ್ನು ಕೂರಿಸಿ, ಹಳೆಯವನ್ನು ಒಲೆಗೆ ಹಾಕಿದಳು. ನೂಲು ಚುರುಕಾಗಿ ಉರಿಯಿತು. ಮಡಿಕೆ ಹಾಕಿ ಬಟ್ಟೆ ಸುತ್ತಿ, ಪೂಜೆಯ ಹಿಂದಿನ ದಿನ ನೇರವಾಗಿ ಇಗರ್ಜಿಗೇ ತಲುಪಿಸಿದಳು. ಜೊರ್ಜಾ ಬಿಚ್ಚಿ ನೋಡಲು ಸಮಯ ಸಿಗಬಾರದೆಂದೇ ಹಾಗೆ ಮಾಡಿದ್ದು.

ಪೂಜೆ ಮುಗಿಯಿತು. ಹೆಂಗಸರು ಸಾಲಾಗಿ ಮೊಣಕಾಲೂರಿದರು. ನಮ್ಮ ಹೆಂಗಸರಿಗೆ ಅಕ್ಷರ ಬಾರದಿರಬಹುದು, ಲೇಸಿನಲ್ಲಿ ಯಾರ ಕೈ ಯಾವುದೆಂದು ಓದುವುದು ಬರುತ್ತದೆ. ಎದ್ದವರೆಲ್ಲ ಜೊರ್ಜಾಳ ಹತ್ತಿರ ಹೋಗಿ, ಅಕ್ಕ ಎಷ್ಟು ಚೆಂದ ಹೆಣೆದುಕೊಟ್ಟಿದ್ದಾಳೆ, ನಿನ್ನ ಪುಣ್ಯ ಎಂದರು. ಜೊರ್ಜಾಳಿಗೆ ಮೊದಲು ಅರ್ಥವಾಗಲಿಲ್ಲ. ತನ್ನ ಸರದಿ ಬಂದು ಮಗನ ಮುಂದೆ ಮೊಣಕಾಲೂರಿದಾಗ ಅರ್ಥವಾಯಿತು. ಅವಳು ಏಳಲು ಬಹಳ ಹೊತ್ತು ಹಿಡಿಯಿತು. ತಾಯಿಗೆ ಮಗನ ಕೈ ಬಿಡಲು ಮನಸ್ಸಿಲ್ಲ ಎಂದು ಜನ ಅಂದುಕೊಂಡರು.

ಮನೆಯಲ್ಲಿ ನೆಂಟರು ಸಕ್ಕರೆ ಬಾದಾಮಿ ತಿನ್ನುತ್ತಿರುವಾಗ ಜೊರ್ಜಾ ಅಕ್ಕನಿದ್ದ ಅಡುಗೆಮನೆಗೆ ಬಂದಳು. ದನಿ ಏರಿಸಲಿಲ್ಲ.

"ನನ್ ಮಗನ ಕಾಲ ಹತ್ರ ನಾನೂ ಒಂಚೂರು ಇರೋಣ ಅಂದ್ಕೊಂಡಿದ್ದೆ ಅಕ್ಕ. ಅಲ್ಲೂ ನೀನೇ ಬಂದು ಕೂತ್ಯಲ್ಲ."

ಇಷ್ಟೇ. ಆಮೇಲೆ ಆ ಮಾತು ಎತ್ತಲೇ ಇಲ್ಲ. ಸಾರು ಮಾಡಿದ ದಿನ ಎಂದಿನಂತೆ ಒಂದು ಬಟ್ಟಲು ಕಳಿಸುತ್ತಿದ್ದಳು. ಆದರೆ ಲೇಸಿನ ದಿಂಬನ್ನು ಆಡಿನ ಕೊಟ್ಟಿಗೆಗೆ ಎಸೆದಳು, ಮತ್ತೆ ಕಡ್ಡಿ ಮುಟ್ಟಲಿಲ್ಲ. ಚೆನ್ಸಾಳ ಎದುರಿನ ಹೊಸಿಲು ಹನ್ನೊಂದು ವರ್ಷ ಖಾಲಿ ಉಳಿಯಿತು.

ಚೆನ್ಸಾ ಸುಮ್ಮನಿರಲಿಲ್ಲ. ಒಂದು ಇಡೀ ಬೇಸಿಗೆ ಕೂತು ತಂಗಿಯ ಹಾಗೆ ಶಿಲುಬೆ ಹೆಣೆಯಲು ನೋಡಿದಳು. ವಾಲಿಸಬೇಕೆಂದರೂ ನೂಲು ನೆಟ್ಟಗೇ ಬರುತ್ತಿತ್ತು. ಬೇಕೆಂದೇ ಕೆಡಿಸಿದರೆ ಕೆಡಿಸಿದ್ದು ಎದ್ದು ಕಾಣುತ್ತಿತ್ತು, ಅದು ಜೊರ್ಜಾಳದಾಗುತ್ತಿರಲಿಲ್ಲ. ಧರ್ಮಸೇವೆಗೆಂದು ದೂರದ ಬ್ರೆಜಿಲಿಗೆ ಹೋಗಿದ್ದ ವಿತೋರ್ ರಜೆಗೆ ಬಂದಾಗಲೆಲ್ಲ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದಳು. ನಾಳೆ ನಾಳೆ ಎನ್ನುತ್ತಲೇ ಅವನು ಹಡಗು ಹತ್ತಿಬಿಡುತ್ತಿದ್ದ.

ಜೊರ್ಜಾ ಜ್ವರ ಬಂದು ತೀರಿಕೊಂಡಳು. ವಿತೋರ್ ಬರುವ ಹೊತ್ತಿಗೆ ಮಣ್ಣಾಗಿ ತಿಂಗಳು ಕಳೆದಿತ್ತು. ತಾಯಿಯ ಆತ್ಮಶಾಂತಿಯ ಪೂಜೆಗೆ ಅವನು ಅದೇ ಅಂಗಿ ತೊಟ್ಟ. ಅದು ಹಳದಿಗೆ ತಿರುಗಿತ್ತು. ಮಧ್ಯಾಹ್ನ ದೊಡ್ಡಮ್ಮನ ಮನೆಗೆ ಬಂದು ಅದನ್ನು ಅವಳ ಮಡಿಲಲ್ಲಿ ಹರಡಿದ.

"ದೊಡ್ಡಮ್ಮ, ಇಲ್ಲೊಂದು ಕಡೆ ಬಿಟ್ಕೊಂಡಿದೆ, ಹೊಲ್ದು ಕೊಡು. ಆದ್ರೆ ನಿನ್ ಕೈಚಳಕ ತೋರಿಸ್ಬೇಡ. ಅಮ್ಮ ಹ್ಯಾಗೆ ಹಾಕಿದ್ಲೋ ಹಾಗೇ ಇರ್ಲಿ."

ಬ್ರೆಜಿಲಿನಲ್ಲಿ ಒಂಟಿಯಾದಾಗಲೆಲ್ಲ ಈ ಅಂಚು ಹಿಡಿದು ಕೂರುತ್ತೇನೆ, ಕಾಗದದಲ್ಲಿ ಅಮ್ಮನಿಗೆ ಹಾಗೆಂದು ಬರೆಯುತ್ತಿದ್ದೆ, ಜೋಪಾನ ಮಗಾ ಎಂದು ಅವಳು ಪ್ರತಿ ಸಲ ಉತ್ತರ ಬರೆಸುತ್ತಿದ್ದಳು ಎಂದ. ಚೆನ್ಸಾಳ ಕೈಯಲ್ಲಿ ಸೂಜಿ ನಿಂತಿತು. ಈಗಲೂ ಸುಮ್ಮನೆ ಹೊಲಿದು ಕೊಟ್ಟುಬಿಡಬಹುದಿತ್ತು.

"ಇದ್ರಲ್ಲಿ ನಿಮ್ಮಮ್ಮನ ಶಿಲುಬೆ ಒಂದೂ ಇಲ್ಲ ಕಣೋ. ಎಂಟೂ ನಂದೇ. ಅವಳದ್ದನ್ನ ಬಿಚ್ಚಿ ಒಲೆಗೆ ಹಾಕ್ದೆ."

ವಿತೋರ್ ಅಂಗಿಯನ್ನು ತನ್ನತ್ತ ಎಳೆದುಕೊಂಡ. ಅಮ್ಮನಿಗೆ ಗೊತ್ತಿತ್ತೇ ಎಂದು ಕೇಳಿದ. ಮೊದಲ ಪೂಜೆಯ ದಿನವೇ ಗೊತ್ತಾಯಿತು ಎಂದಳು. ಅವನು ಬೈಯಬೇಕಿತ್ತು, ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಅಮ್ಮಂದು ಹ್ಯಾಗಿತ್ತು?" ಎಂದು ಕೇಳಿದ.

ಚೆನ್ಸಾ ಹೇಳತೊಡಗಿದಳು. ಮೊದಲನೆಯದು ಎಡಕ್ಕೆ ವಾಲಿತ್ತು. ಎರಡನೆಯದರ ನಡುವೆ ಬಟಾಣಿ ಕಾಳು ತೂರುವಷ್ಟು ತೂತು. ಮೂರನೆಯದರ ಒಂದು ತೋಳು ಗಿಡ್ಡ, ನಾಲ್ಕನೆಯದು ಅದಕ್ಕೆ ಹೆದರಿ ನೂಲು ಸಡಿಲ ಬಿಟ್ಟದ್ದು. ಐದನೆಯದರಲ್ಲಿ ಗಂಟು. ಆರು ಮತ್ತು ಏಳು ಸ್ವಲ್ಪ ಸುಧಾರಿಸಿದ್ದವು, ಅವಳು ಕಲಿಯುತ್ತಿದ್ದಳು. ವಿತೋರ್ ಕಣ್ಣು ಮುಚ್ಚಿ, ಅಂಗಿಯ ಅಂಚಿನ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದ.

"ಎಂಟನೇದು?"

ಎಂಟನೆಯದು ಅಂಗಿಯ ಹಿಂಭಾಗದಲ್ಲಿತ್ತು. ಅಂದು ಬಿಚ್ಚುತ್ತ ಬಿಚ್ಚುತ್ತ ಅಷ್ಟು ಹೊತ್ತಿಗೆ ಚೆನ್ಸಾಳಿಗೆ ಬೇಸರ ಬಂದಿತ್ತು, ಕತ್ತರಿ ಹಾಕಿ ಒಲೆಗೆ ಎಸೆದಿದ್ದಳು. ಅದು ಚೆನ್ನಾಗಿಯೇ ಬಂದಿತ್ತೋ ಏನೋ.

"ಗೊತ್ತಿಲ್ಲ ಮಗಾ" ಎಂದಳು. "ನಾನು ನೋಡ್ಲೇ ಇಲ್ಲ."